ಪ್ರತ್ಯೇಕ ದೋಣಿಯ ಕೂಲಿ

ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಹೊಳೆ ದಾಟಿಸುವ ಕಾಯಕದ ಮಹಾನುಭಾವನೊಬ್ಬನಿದ್ದನು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಮೇಲಿರುವ ಚೌಡದಾನಪುರದ ಸೀಮೆಯು ಆತನ ನೆಲೆಯಾಗಿತ್ತೆಂಬುದು ಸಂಪ್ರದಾಯ. ಬಹುಮಂದಿ ಶರಣರು ತಮ್ಮ ಆರಾಧ್ಯದೈವದ ನಾಮವನ್ನು ವಚನಗಳಿಗೆ ಅಂಕಿತವಾಗಿ ಇಟ್ಟುಕೊಂಡರು. ಚೌಡಯ್ಯನು ತನ್ನ ಹೆಸರನ್ನೇ, ಅದೂ ಕಸುಬಿನ ಹೆಸರಿನೊಡನೆ, ಅಂಬಿಗರ ಚೌಡಯ್ಯನೆಂದೇ ಅಂಕಿತವಾಗಿ ಇಟ್ಟನು. ಹುಟ್ಟು ಹಿಡಿದ ಕೈಯನ್ನು ಅನುಭಾವಗೋಷ್ಠಿಗೆ ಬರುವಾಗ ಮರೆಮಾಚಬೇಕೆಂದು ಆತನಿಗೆ ತೋರಲಿಲ್ಲ. ದೋಣಿ ಹತ್ತಿದವರೆಲ್ಲರ ಭಾರವನ್ನೂ ಒಂದೇ ತೋಳು ಎಳೆಯಬೇಕಾದ ಕಾಯಕವದು. ಹತ್ತಿದವನು ಒಡೆಯನೋ ಆಳೋ, ಹೊಳೆಗೆ ಅದರ ಅರಿವಿಲ್ಲ. ಆತನ ನುಡಿಗಳಲ್ಲಿ ಎದ್ದು ಕಾಣುವ ನಿಷ್ಠುರತೆಗೆ ಈ ನಿತ್ಯಾನುಭವವೂ ಒಂದು ಕಾರಣವಾಗಿರಬೇಕು.

ಆ ಅಂಬಿಗನನ್ನು ಇಂದು ನೆನೆಯುವಂತೆ ಮಾಡಿರುವುದು ಉಳ್ಳವರಲ್ಲಿ ಬೆಳೆಯುತ್ತಿರುವ ಒಂದು ರೂಢಿ. ವಿಲಾಸದ ವಿಹಾರಧಾಮಗಳಲ್ಲಿ, ಜನರು ರೆಸಾರ್ಟು ಎಂದು ಕರೆಯುವ ವಸತಿಗಳಲ್ಲಿ, ಅತಿಥಿಗಳೆಲ್ಲರಿಗೂ ಇರುವ ದೋಣಿಯನ್ನು ಬಿಟ್ಟು, ಹೆಚ್ಚಿನ ಹಣ ತೆತ್ತು, ತಮಗಾಗಿಯೇ ಬೇರೊಂದು ದೋಣಿಯನ್ನು ಗೊತ್ತುಮಾಡಿಕೊಳ್ಳುವುದೇ ಆ ರೂಢಿ. ಇದರ ತವರು ಮಾಲ್ದೀವ್ಸ್ ಎಂದರೆ ತಪ್ಪಾಗದು. ಅಲ್ಲಿ 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟು ತೆರೆಯಿತು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟು ಎಂಬ ಪದ್ಧತಿ ಬೆಳೆಯಿತು. ವಿಮಾನನಿಲ್ದಾಣವೇ ಒಂದು ದ್ವೀಪದ ಮೇಲಿರುವುದರಿಂದ ಬಂದವರು ಮತ್ತೆ ಕಡಲನ್ನು ದಾಟಲೇಬೇಕು. ದ್ವೀಪವಾಸಿಗಳು ಸ್ವಲ್ಪ ಹಣಕ್ಕೆ ಸರ್ಕಾರಿ ದೋಣಿಗಳಲ್ಲಿ ಸಂಚರಿಸುತ್ತಾರೆ. ಅತಿಥಿಗಳನ್ನು ರೆಸಾರ್ಟಿನ ವೇಗದ ದೋಣಿಯು ಹಲವರನ್ನು ಕೂಡಿಸಿಕೊಂಡು ಕರೆದೊಯ್ಯುತ್ತದೆ. ಅದರೊಳಗೂ ಕೂಡಲೊಲ್ಲದವರಿಗೆ ಪ್ರತ್ಯೇಕ ದೋಣಿ, ಅದಕ್ಕೆ ಪ್ರತ್ಯೇಕ ಬೆಲೆ.

ಕಡಲಿನ ಈ ಮಾತಿಗೂ ಜಿಗಣಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಆನೇಕಲ್ ತಾಲ್ಲೂಕಿನ ಜಿಗಣಿಯು ಕಲ್ಲು ಕೊಯ್ಯುವ ಊರು. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಗ್ರಾನೈಟ್ ಬಂಡೆಗಳನ್ನು ಗರಗಸಕ್ಕೆ ಕೊಟ್ಟು, ಹಲಗೆ ಮಾಡಿ, ಮುಖ ಕಾಣುವಷ್ಟು ನುಣುಪು ಮಾಡುತ್ತಾರೆ. ದೂರದ ಯಾವುದೋ ಅತಿಥಿಗೃಹದ ಪಡಸಾಲೆಯಲ್ಲಿ ಅತಿಥಿಯು ತಂಪಾಗಿ ಕಾಲಿಡುವ ಹಾಸುಗಲ್ಲು ಇಲ್ಲಿಯ ಕೆಲಸಗಾರನ ಕೈಯಲ್ಲಿ ಹೊಳಪು ಪಡೆದದ್ದಾಗಿರಬಹುದು. ಅದೇ ಊರಿನಲ್ಲಿ, ಅದೇ ಕಾರ್ಖಾನೆಗಳ ಮೇಲಿನ ಹುದ್ದೆಗಳಲ್ಲಿ, ರಜೆಗೆ ಸಂಸಾರಸಮೇತ ವಿಹಾರಕ್ಕೆ ಹೋಗಬಲ್ಲ ಗೃಹಸ್ಥರೂ ಇದ್ದಾರೆ. ಬೆಂಗಳೂರಿನಿಂದ ವಿಮಾನವೇರಿದರೆ ಮಾಲ್ದೀವ್ಸ್ ದೂರವಲ್ಲ. ಕಬಿನಿಯ ಹಿನ್ನೀರೂ ದುಬಾರೆಯ ಆನೆಶಿಬಿರವೂ ಮಲ್ಪೆಯ ಕಡಲೂ ಇನ್ನೂ ಹತ್ತಿರ. ಹಾರೋಹಳ್ಳಿ, ಕನಕಪುರಗಳನ್ನು ದಾಟಿದರೆ ಕಾವೇರಿ ಅರ್ಕಾವತಿಗಳು ಕೂಡುವ ಸಂಗಮವಂತೂ ಒಂದು ಹಗಲಿನ ಪಯಣ. ಎಲ್ಲಿ ಹೋದರೂ ನೀರಿನ ದಂಡೆಯಲ್ಲಿ ನಿಂತಾಗ ಪ್ರಶ್ನೆ ಏಳುತ್ತದೆ: ಎಲ್ಲರೊಡನೆ ಹೋಗುವುದೋ, ಬೇರೆಯಾಗಿ ಹೋಗುವುದೋ?

ಬೇರೆಯಾಗಿ ಹೋಗುವುದು ಪಾಪವೆಂದು ಶರಣರು ಎಲ್ಲಿಯೂ ಹೇಳಿಲ್ಲ. ಕೈಕಾಲು ನಡುಗುವ ವೃದ್ಧ ತಾಯಿಯಿರಬಹುದು. ಗದ್ದಲ ಕಂಡರೆ ಬೆದರುವ ಮಗುವಿರಬಹುದು. ರೋಗದಿಂದ ಎದ್ದವನೊಬ್ಬನಿರಬಹುದು. ಇಂಥವರಿಗಾಗಿ ನಾಲ್ಕು ಕಾಸು ಹೆಚ್ಚು ತೆತ್ತರೆ ಆ ಹಣ ಸಾರ್ಥಕವಾಯಿತು. ಅಂಬಿಗನು ಹೊತ್ತು ಮೀರಿ ದುಡಿದಾಗ, ಪ್ರವಾಹದ ಎದುರಿಗೆ ಹುಟ್ಟು ಹಾಕಿದಾಗ, ಹೆಚ್ಚಿನ ಕೂಲಿ ಕೊಡದಿರುವುದೇ ಅನ್ಯಾಯ. ಆದ್ದರಿಂದ ಹಣದ ಮೊತ್ತವನ್ನು ನೋಡಿ ತೀರ್ಪು ಕೊಡುವುದು ಸಲ್ಲದು. ಆ ಹಣ ಏನನ್ನು ಕೊಂಡಿತು, ಯಾರ ಕೈ ಸೇರಿತು ಎಂಬುದನ್ನು ವಿಚಾರಿಸಬೇಕು.

ಮೊದಲು, ಯಾರ ಕೈ ಸೇರಿತು? ಸಂಗಮದ ಹರಿಗೋಲಿನವನಿಗೆ ಕೊಟ್ಟದ್ದು ಅವನ ಒಲೆಯವರೆಗೆ ಹೋಗುತ್ತದೆ. ದೊಡ್ಡ ವಿಹಾರಧಾಮದಲ್ಲಿ ತೆತ್ತದ್ದು ವಸತಿಯ ಲೆಕ್ಕಕ್ಕೆ ಸೇರುತ್ತದೆ. ದೋಣಿ ನಡೆಸುವವನು ತಿಂಗಳ ಸಂಬಳದ ಆಳು. ಐವತ್ತು ಜನರನ್ನು ದಾಟಿಸಿದರೂ ಅದೇ ಸಂಬಳ, ಇಬ್ಬರನ್ನು ದಾಟಿಸಿದರೂ ಅದೇ. ಅಂಬಿಗನಿಗೆ ಉಪಕಾರವಾಯಿತೆಂದು ಅತಿಥಿಯು ಹಿಗ್ಗುವುದಕ್ಕೆ ಅಲ್ಲಿ ಹೆಚ್ಚಿನ ಆಧಾರವಿಲ್ಲ.

ಇನ್ನು, ಏನನ್ನು ಕೊಂಡಿತು? ನೀರು ಅದೇ, ಆಚೆಯ ದಡವೂ ಅದೇ. ಸಾಮಾನ್ಯ ದೋಣಿಯಲ್ಲಿ ಹೋದವರೂ ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬಂದಿಳಿಯುತ್ತಾರೆ. ಹಾಗಾದರೆ ಕೊಂಡ ವಸ್ತುಗಳು ಎರಡು: ಕಾಯದೆ ಇರುವುದು ಒಂದು, ಇತರರೊಡನೆ ಕೂಡದೆ ಇರುವುದು ಇನ್ನೊಂದು. ದಂಡೆಯಲ್ಲಿ ದೋಣಿಗಳು ಬೇಕಾದಷ್ಟಿದ್ದರೆ ಕಾಯದೆ ಹೋದವನಿಂದ ಯಾರಿಗೂ ನಷ್ಟವಿಲ್ಲ. ಆದರೆ ಇರುವುದು ನಾಲ್ಕೇ ದೋಣಿಯಾಗಿ, ಅವುಗಳಲ್ಲಿ ಒಂದನ್ನು ಇಬ್ಬರಿಗಾಗಿ ಬಿಟ್ಟರೆ, ಬಿಸಿಲಿನಲ್ಲಿ ನಿಂತ ಸಾಲು ಅಷ್ಟು ಹೊತ್ತು ಹೆಚ್ಚು ನಿಲ್ಲಬೇಕು. ಹಣವು ದೋಣಿಯವನಿಗೆ ಸಂದಿತು. ತೆತ್ತವರು ಮಾತ್ರ ಸಾಲಿನಲ್ಲಿ ನಿಂತವರು, ತಮ್ಮ ಸರದಿಯಿಂದ. ಅವರನ್ನು ಯಾರೂ ಕೇಳಲಿಲ್ಲ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವು ನೆನಪಾಗುವುದು ಸಹಜ. ಆಕೆಯ ಪತಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಪತಿಯನ್ನು ಹಿಂದಕ್ಕೆ ಕಳುಹಿದಳು. ಈ ಕಥೆಯನ್ನು ಹೇಳುವವರೆಲ್ಲ ಮಾರಯ್ಯನ ಕಡೆಯಿಂದಲೇ ಹೇಳುವುದುಂಟು. ಅಕ್ಕಿ ಚೆಲ್ಲಿಸಿದ ಕಡೆಯಿಂದ ನೋಡಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಹೆಚ್ಚು ಚೆಲ್ಲಿಸಿದವನು ಸಾಕ್ಷಾತ್ ಬಸವಣ್ಣನೆಂದೇ ಕಥೆ ಹೇಳುತ್ತದೆ, ಉದ್ದೇಶವೂ ಒಳ್ಳೆಯದೇ. ಆದರೂ ಲಕ್ಕಮ್ಮನ ಮನೆಯ ಹೊಸ್ತಿಲಲ್ಲಿ ಆ ಹೆಚ್ಚುವರಿಗೆ ಪ್ರವೇಶ ದೊರೆಯಲಿಲ್ಲ. ಕೊಡಬಲ್ಲೆನೆಂಬ ಸಾಮರ್ಥ್ಯವೊಂದೇ ಕೊಡುವಿಕೆಯನ್ನು ಸರಿಮಾಡಲಾರದೆಂದು ಆ ಬಡ ಗೃಹಿಣಿಯು ಬಲ್ಲಳು. ದೋಣಿ ನಡೆಸುವ ಒಡೆಯರೂ ಈ ಕಥೆಯನ್ನು ಕೇಳಬೇಕು. ಕೊಡುವವನಿದ್ದಾನೆಂದು ಸಾಲನ್ನು ಮುರಿದು ದೋಣಿ ಬಿಟ್ಟರೆ, ಬಂದ ಹಣದಲ್ಲಿ ಕಾಯಕದ ಪಾಲೆಷ್ಟು, ಆಸೆಯ ಪಾಲೆಷ್ಟು?

ಇಷ್ಟೇ ಆಗಿದ್ದರೆ ಇದನ್ನು ಶಿಷ್ಟಾಚಾರದ ವಿಷಯವೆಂದು ಬಿಟ್ಟುಬಿಡಬಹುದಿತ್ತು. ಆದರೆ ನೀರಿನ ಮೇಲೆ ಇದು ಪ್ರಾಣದ ವಿಷಯವಾಗುತ್ತದೆ. ಕಾರವಾರದ ಸಮೀಪ ಅರಬ್ಬೀ ಸಮುದ್ರದಲ್ಲಿ ಕೂರ್ಮಗಡವೆಂಬ ನಡುಗಡ್ಡೆಯಿದೆ. ಅಲ್ಲಿಯ ನರಸಿಂಹದೇವರ ಜಾತ್ರೆ ಪುಷ್ಯದ ಹುಣ್ಣಿಮೆಗೆ ನಡೆಯುತ್ತದೆ. ಭಕ್ತರು ದೋಣಿಗಳಲ್ಲಿಯೇ ಹೋಗಿಬರಬೇಕು. 2019ರ ಜನವರಿ 21ರಂದು ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಮಡಿದರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ, ಅಂದರೆ ಚೌಡಯ್ಯನ ಸೀಮೆಯಿಂದ, ಬಂದ ಭಕ್ತರೂ ಇದ್ದರು. ಜನವರಿ 21 ಎಂದರೆ ನಾಡು ಅಂಬಿಗರ ಚೌಡಯ್ಯನ ಜಯಂತಿಯನ್ನು ಆಚರಿಸುವ ದಿನ. ಅದೇ ದಿನ ತುಮಕೂರಿನಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ನಾಡಿನ ಕಣ್ಣೆಲ್ಲ ಅತ್ತ ಹರಿಯಿತು. ಕಾರವಾರದ ದಂಡೆಯ ಗೋಳು ಅನೇಕರ ನೆನಪಿನಲ್ಲಿ ಉಳಿಯದೆ ಹೋದುದಕ್ಕೆ ಅದೂ ಒಂದು ಕಾರಣ. ಲಕ್ಷಾಂತರ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಿಸಿದ ಆ ಪೂಜ್ಯರು ಇದ್ದಿದ್ದರೆ ಆ 16 ಮಂದಿಗಾಗಿ ಮೊದಲು ಕಣ್ಣೀರಿಡುತ್ತಿದ್ದರು.

ನಾಲ್ಕು ವರ್ಷ ಕಳೆದು, 2023ರ ಮೇ 7ರಂದು, ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮುಳುಗಿತು. ಹಿಡಿಸುವುದಕ್ಕಿಂತ ಹೆಚ್ಚು ಜನರು ಅದರಲ್ಲಿದ್ದರು. 22 ಮಂದಿ ಮೃತರಾದರು, ಮಕ್ಕಳೇ ಅನೇಕರು. ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಶಾಸನದ ಸ್ಥಾನದಲ್ಲಿ 2021ರಲ್ಲಿ ಒಳನಾಡಿನ ನೌಕೆಗಳಿಗೆ ಹೊಸ ಅಧಿನಿಯಮ ಬಂದಿದೆ. ಯಂತ್ರದ ದೋಣಿಗೆ ತಪಾಸಣೆ, ನೋಂದಣಿ ಎಲ್ಲವೂ ಅದರಲ್ಲಿ ವಿಧಿಸಲ್ಪಟ್ಟಿವೆ. ಆದರೆ ದಂಡೆಯಲ್ಲಿ ನಿಂತು, ಇಷ್ಟು ಜನರನ್ನು ಏಕೆ ಹತ್ತಿಸುವೆ, ಲೈಫ್ ಜಾಕೆಟ್ ಎಲ್ಲಿ ಎಂದು ಕೇಳುವ ಬಾಯಿ ಬೇಕು.

ಆ ಬಾಯಿ ಯಾರದು? ಇಲ್ಲಿಯೇ ಪ್ರತ್ಯೇಕ ದೋಣಿಯ ನಿಜವಾದ ಕೂಲಿ ಗೊತ್ತಾಗುವುದು. ಓದು ಬಲ್ಲವರು, ಅಧಿಕಾರಿಗೆ ಪತ್ರ ಬರೆಯಬಲ್ಲವರು, ಹಣ ಹಿಂದಿರುಗಿಸೆಂದು ಗದರಿಸಬಲ್ಲವರು ಸಾಮಾನ್ಯ ದೋಣಿಯಲ್ಲಿ ಕುಳಿತಿರುವವರೆಗೆ ಆ ದೋಣಿಯ ಹಲಗೆಗಳು ಗಟ್ಟಿಯಾಗಿರುತ್ತವೆ; ಜಾಕೆಟ್ಟಿನ ಪಟ್ಟಿಗಳು ಹರಿದಿರುವುದಿಲ್ಲ. ಅವರೆಲ್ಲ ಹೆಚ್ಚಿನ ಹಣ ತೆತ್ತು ಬೇರೆ ದೋಣಿಗೆ ಹೋದ ಮೇಲೆ ಉಳಿದವರ ಮಾತನ್ನು ಕೇಳುವವರಿಲ್ಲ. ದುಷ್ಟತನದಿಂದ ಯಾರೂ ಹೋಗುವುದಿಲ್ಲ. ತಮ್ಮ ಸಂಸಾರ ಸುಖವಾಗಿ ದಾಟಲೆಂದು ಹೋಗುತ್ತಾರೆ. ಆದರೂ ದೋಣಿ ಬಡವಾಗುತ್ತದೆ. ಸುರಕ್ಷತೆಯು ಹೆಚ್ಚುವರಿ ಬೆಲೆಯ ದೋಣಿಗೆ ಸೇರಿದ ಭೋಗವಾಗಿ ಮಾರ್ಪಟ್ಟ ದಂಡೆಯಲ್ಲಿ ಯಾವ ದೋಣಿಯ ಮೇಲೂ ವಿಶ್ವಾಸ ಇಡಲಾಗದು. ಒಂದು ದೋಣಿಗೆ ಕಣ್ಣುಮುಚ್ಚಿದ ಒಡೆಯನು ಇನ್ನೊಂದಕ್ಕೆ ಎಷ್ಟು ದಿನ ಕಣ್ಣು ತೆರೆದಾನು?

ಜಿಗಣಿಯವರಿಗೆ ಇದು ಹೊಸ ಮಾತೇನಲ್ಲ. ಬೊಮ್ಮಸಂದ್ರದಿಂದ ಜಿಗಣಿಗೆ ಬರುವ ರಸ್ತೆಯಲ್ಲಿ ಬೆಳಗಿನ ಹೊತ್ತು ಕಾರುಗಳಲ್ಲಿ ಒಬ್ಬೊಬ್ಬರೇ ಕುಳಿತಿರುವುದನ್ನೂ, ಬಸ್ಸಿನ ಬಾಗಿಲಿಗೆ ಜನ ಜೋತುಬಿದ್ದಿರುವುದನ್ನೂ ಅವರು ದಿನವೂ ಕಾಣುತ್ತಾರೆ. ಬಸ್ಸಿಗಾಗಿ ಗಟ್ಟಿಯಾಗಿ ಕೇಳಬಲ್ಲವರು ಬಸ್ಸಿನಲ್ಲಿಲ್ಲ. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಆರಂಭವಾಯಿತು. ಅದರಲ್ಲಿ ಮೊದಲ ದರ್ಜೆ, ಎರಡನೆಯ ದರ್ಜೆಗಳಿಲ್ಲ. ಕಲ್ಲಿನ ಪುಡಿ ಮೆತ್ತಿದ ಅಂಗಿಯವನೂ ಕೊರಳಿಗೆ ಗುರುತುಚೀಟಿ ಹಾಕಿಕೊಂಡವನೂ ಒಂದೇ ದರ ತೆತ್ತು ಒಂದೇ ಕಂಬಿ ಹಿಡಿದು ನಿಲ್ಲುತ್ತಾರೆ. ರೈಲು ತಡವಾದರೆ ಇಬ್ಬರಿಗೂ ತಡ. ಆದ್ದರಿಂದಲೇ ಅದರ ಕುಂದುಕೊರತೆಯ ಕೂಗು ಬೇಗ ಮುಟ್ಟುತ್ತದೆ.

ಮಲ್ಪೆಯಲ್ಲಿಯೂ ಗಮನಿಸತಕ್ಕ ಒಂದು ಪದ್ಧತಿಯುಂಟು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೊಡ್ಡ ದೋಣಿಯು ಗೊತ್ತಾದ ಸಂಖ್ಯೆಯ ಜನ ಕೂಡಿದ ಮೇಲೆಯೇ ಹೊರಡುವುದು. ಅವಸರದವರು ಸಣ್ಣ ವೇಗದ ದೋಣಿಗೆ ಹೆಚ್ಚು ತೆರುತ್ತಾರೆ. ಅವಸರವಿಲ್ಲದ ಹತ್ತು ಸಂಸಾರಗಳು ದಂಡೆಯಲ್ಲಿ ಕಾಯುತ್ತ ಒಬ್ಬರ ಬುತ್ತಿಯನ್ನು ಒಬ್ಬರು ರುಚಿನೋಡುವುದೂ ಉಂಟು. ಉಳ್ಳವನೊಬ್ಬನು ತನ್ನ ಹೆಚ್ಚಿನ ಹಣದಿಂದ ಆ ಸಂಖ್ಯೆಯ ಕೊರತೆಯನ್ನು ತುಂಬಿ, ಎಲ್ಲರಿಗೂ ಬೇಗ ದೋಣಿ ಬಿಡಿಸುವುದು ಸಾಧ್ಯ. ಕೊಟ್ಟ ಹಣ ಅಷ್ಟೇ, ದಾಟಿದವರು ಹಲವರು. ದಾಸೋಹವೆಂಬ ಮಾತಿಗೆ ನೀರಿನ ದಂಡೆಯಲ್ಲಿ ಅರ್ಥ ಹುಡುಕುವವರು ಇದನ್ನು ವಿಚಾರಿಸಬಹುದು.

ಸಂಗಮದ ಹರಿಗೋಲಿನ ರೀತಿಯೇ ಬೇರೆ. ಬಿದಿರಿನಿಂದ ಹೆಣೆದ ಆ ಗುಂಡನೆಯ ಬುಟ್ಟಿಯಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿಲ್ಲ. ಹತ್ತಿದವರು ಅಂಚಿನ ಸುತ್ತ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರಬೇಕು. ಒಂದೇ ಕಡೆ ಸೇರಿದರೆ ಅದು ವಾಲುತ್ತದೆ. ಕಾರಿನಲ್ಲಿ ಬಂದವರನ್ನೂ ಬಸ್ಸಿನಲ್ಲಿ ಬಂದವರನ್ನೂ ಹರಿಗೋಲಿನವನು ತೂಕ ನೋಡಿ ಎದುರುಬದುರು ಕೂಡಿಸುತ್ತಾನೆ. ಮಕ್ಕಳನ್ನು ನಡುವೆ ಇರಿಸಿ, ಅಲುಗಾಡಬೇಡಿರೆಂದು ಗದರಿಸಿ, ಇನ್ನಿಬ್ಬರು ಹತ್ತಬಂದರೆ ಸಾಕು, ಮುಂದಿನದಕ್ಕೆ ನಿಲ್ಲಿರೆಂದು ಕೈ ಅಡ್ಡ ಹಿಡಿದು, ಹುಟ್ಟಿನಿಂದ ನೆಲವನ್ನು ಒತ್ತಿ ನೀರಿಗೆ ಬಿಡುತ್ತಾನೆ.