ಸಂಬಳ ಪಡೆಯುವವಳಿಗೆ ಉಪಕಾರಸ್ಮರಣೆ ಸಲ್ಲುವದೋ?

ಮುಂಗಾರಿನ ಶೇಂಗಾ ಕಿತ್ತ ಕಾಲದಲ್ಲಿ ಒಂದು ಮುಂಜಾನೆ ನಾವು ನಮ್ಮ ಹಳ್ಳಿಯ ಒಬ್ಬ ರೈತನ ಸಂಗಡ ಪಟ್ಟಣದ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆವು. ಅವನ ತೊಡೆಯ ಮೇಲೆ ಎಂಟು ವರುಷದ ಮಗನು ನಿದ್ದೆಹೋಗಿದ್ದನು. ಕಾಲುಗಳ ನಡುವೆ ಹೊಸ ಶೇಂಗಾದ ಚೀಲವೊಂದಿತ್ತು. ಅದು ಯಾರಿಗೆಂದು ಕೇಳಲಾಗಿ, “ವಾರ್ಡಿನ ಅಕ್ಕಾರಿಗ್ರಿ” ಅಂದನು. ಹಿಂದೆ ಕೂತಿದ್ದ ನಮ್ಮೂರಿನ ಮತ್ತೊಬ್ಬನು ಇದನ್ನು ಕೇಳಿ, “ಆಕಿಗೆ ಸರಕಾರ ಪಗಾರ ಕೊಡತೈತಿ. ಎತ್ತು ಮಾರಿದವಗ ರೊಕ್ಕಾ ಕೊಟ್ಟ ಮ್ಯಾಲ ಮತ್ತ ಕೈ ಮುಗೀತೀಯೇನು?” ಎಂದು ನಕ್ಕನು. ರೈತನು ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ, ಯಾಕಂದರೆ ಆ ಮಾತು ಆಗ ನಮಗೆ ನ್ಯಾಯವಾಗಿಯೇ ತೋಚಿತು.

ಹುಡುಗನ ರೋಗಕ್ಕೆ ಥಲಸೀಮಿಯಾ ಎಂದು ಹೆಸರು. ೧೯೨೫ರಲ್ಲಿ ಅಮೇರಿಕದ ಕೂಲಿ ಎಂಬ ಮಕ್ಕಳ ವೈದ್ಯನು ಇದನ್ನು ಮೊದಲು ಬೇರ್ಪಡಿಸಿ ವರ್ಣಿಸಿದನು. ಇಂಥ ಮಗುವಿನ ದೇಹವು ತನಗೆ ಬೇಕಾದಷ್ಟು ಒಳ್ಳೇ ರಕ್ತವನ್ನು ಹುಟ್ಟಿಸಿಕೊಳ್ಳಲಾರದು. ಆದದರಿಂದ ಎರಡು ವಾರಕ್ಕೊಮ್ಮೆಯೋ ನಾಲ್ಕು ವಾರಕ್ಕೊಮ್ಮೆಯೋ ಅನ್ಯರ ರಕ್ತವನ್ನು ಏರಿಸಬೇಕು. ಅದು ತಪ್ಪಿದರೆ ಮುಖವು ಬಿಳುಪೇರಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವದು. ಏರಿಸಿದ ಒಂದೊಂದು ಚೀಲದ ರಕ್ತದಲ್ಲಿಯೂ ಸುಮಾರು ಇನ್ನೂರು ಮಿಲಿಗ್ರಾಮಿನಷ್ಟು ಕಬ್ಬಿಣಾಂಶವುಂಟು. ಅದನ್ನು ಹೊರಗೆ ಹಾಕುವ ದಾರಿ ದೇಹಕ್ಕಿಲ್ಲವಾದ ಕಾರಣ ಅದು ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ಕೂಡುತ್ತಾ ಹೋಗುತ್ತದೆ. ಅದನ್ನು ಇಳಿಸುವದಕ್ಕೆ ಬೇರೊಂದು ಔಷಧವನ್ನು ನಿತ್ಯವೂ ಕೊಡಬೇಕು. ಬೇರೊಬ್ಬರ ಅಸ್ಥಿಮಜ್ಜೆಯನ್ನು ಹಾಕಿ ಗುಣಪಡಿಸುವ ಚಿಕಿತ್ಸೆಯು ಈಗ ಉಂಟಾದರೂ, ಹೊಂದುವ ಮಜ್ಜೆಯೂ ಅದಕ್ಕೆ ತಕ್ಕ ಹಣವೂ ಎಲ್ಲರಿಗೆ ಒದಗವು. ಈ ಹುಡುಗನಿಗೆ ಒದಗಲಿಲ್ಲ.

ಹೀಗಿರಲಾಗಿ ಮೂರು ವಾರಕ್ಕೊಮ್ಮೆ, ಏಳು ವರುಷಗಳಿಂದ, ಆ ತಂದೆಯು ಅದೇ ವಾರ್ಡಿಗೆ ಬರುತ್ತಾನೆ. ಅಲ್ಲಿರುವ ದಾದಿಯ ಕೆಲಸವನ್ನು ಅಂದು ನಾವು ಕಣ್ಣಾರೆ ಕಂಡೆವು. ಹುಡುಗನ ಕೈಗಳಲ್ಲಿ ನರ ಸಿಕ್ಕುವದು ಕಷ್ಟ. ಆಕೆಯು ಅವನ ಕೈಯನ್ನು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಸುತ್ತಿ, “ಇವತ್ತ ಯಾವ ಕೈ? ನೀನ ಹೇಳು” ಅಂದಳು. ಆಯ್ಕೆಯು ಅವನದು, ಆದಾಗ್ಯೂ ಸೂಜಿಯು ಹೊಕ್ಕಾಗ ಅವನು ಆಕೆಯನ್ನು ಬೈದನು. ಆಕೆಗೆ ಅದು ವಾಡಿಕೆಯಾಗಿತ್ತೆಂದು ತೋರುತ್ತದೆ. ಬಳಿಕ ಆಕೆಯು ಇನ್ನೊಬ್ಬ ದಾದಿಯನ್ನು ಕರೆದು, ಚೀಲದ ಮೇಲಿನ ಹೆಸರನ್ನೂ ಅಂಕೆಯನ್ನೂ ರಕ್ತದ ಗುಂಪನ್ನೂ ಇಬ್ಬರೂ ಕೂಡಿ ಓದಿ, ಹನಿಯನ್ನು ಮೆಲ್ಲಗೆ ಬಿಟ್ಟು, ಮೊದಲ ಕಾಲು ತಾಸು ಅವನ ಬಳಿಯಲ್ಲಿಯೇ ನಿಂತಳು. ಜ್ವರವನ್ನೂ ನಾಡಿಯನ್ನೂ ನೋಡುತ್ತಾ, ಬೆನ್ನು ನೋಯುವದೋ, ಮೈ ತುರಿಸುವದೋ ಎಂದು ಕೇಳುತ್ತಾ ಇದ್ದಳು. ತಪ್ಪು ರಕ್ತವಾಗಿದ್ದರೆ ಕೆಲವು ನಿಮಿಷಗಳಲ್ಲಿಯೇ ಪ್ರಾಣಾಪಾಯವಾದೀತು.

ಈಗ ಬಸ್ಸಿನಲ್ಲಿ ಎದ್ದ ಪ್ರಶ್ನೆಗೆ ಬರೋಣ. ಈ ಎಲ್ಲವೂ ಆಕೆಯ ಕರ್ತವ್ಯವೇ, ಇದಕ್ಕಾಗಿಯೇ ಸಂಬಳ. ಹಾಗಾದರೆ ತಂದೆಯು ಯಾವದಕ್ಕಾಗಿ ಉಪಕಾರ ಸ್ಮರಿಸುವದು? ಸಂಬಳವು ಕೈಗಳ ಕೆಲಸಕ್ಕೆ, ಪ್ರೀತಿಯು ಅದರ ಮೇಲಿನ ದಾನ ಎಂದು ಕೆಲವರು ಹೇಳುವರು. ಈ ಉತ್ತರವು ಇಂಪಾಗಿದ್ದರೂ ನಮಗೆ ಸಾಕೆನಿಸುವದಿಲ್ಲ. ಯಾಕಂದರೆ ಆಗ ನಗುಮುಖವಿಲ್ಲದೆ, ಆದರೆ ಒಂದು ಅಂಕೆಯನ್ನೂ ತಪ್ಪದೆ ಕೆಲಸ ಮಾಡುವ ದಾದಿಗೆ ಏನೂ ಸಲ್ಲದೆಂದು ಹೇಳಬೇಕಾಗುವದು. ಅಂಥವಳಿಂದಲೂ ಮಗುವು ಬದುಕಿತಲ್ಲವೋ? ನಮ್ಮ ಎಣಿಕೆಯಲ್ಲಿ ತಪ್ಪು ಬೇರೆ ಕಡೆಯಲ್ಲುಂಟು. ಕೊಟ್ಟವಳು ತನ್ನ ಕರ್ತವ್ಯಕ್ಕಿಂತ ಎಷ್ಟು ಹೆಚ್ಚು ಕೊಟ್ಟಳೆಂದು ನಾವು ಅಳೆಯುತ್ತಾ ಕೂಡುತ್ತೇವೆ. ಪಡೆದವನಿಗೆ ಏನು ದೊರೆಯಿತೆಂಬದನ್ನು ನೋಡುವದಿಲ್ಲ. ಎತ್ತಿಗೆ ಬೆಲೆಯುಂಟು, ಕೊಟ್ಟರೆ ಲೆಕ್ಕವು ಚುಕ್ತವಾಗುವದು. ಏಳು ವರುಷದ ಮಗನಿಗೆ ಯಾವ ಬೆಲೆ ಕಟ್ಟಿ ಯಾರು ಚುಕ್ತ ಮಾಡಿದರು?

ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ತಿರುಗಿ ಬಂದ ವೃತ್ತಾಂತವನ್ನು ನಾವು ಅನೇಕಾವರ್ತಿ ಪ್ರಸಂಗಿಸಿದ್ದೇವೆ. ಆದರೆ ಅವನು ವಾಸಿಯಾಗಿ ತಿರುಗಿಕೊಂಡನು. ಈ ರೈತನಾದರೋ ವಾಸಿಯಾಗದ ಮಗನನ್ನು ತೊಡೆಯಲ್ಲಿಟ್ಟುಕೊಂಡು ಶೇಂಗಾ ಹೊತ್ತು ಬಂದಿದ್ದಾನೆ. ಇದನ್ನು ಯೋಚಿಸಿದಾಗ ನಮ್ಮ ಹಳೇ ಪ್ರಸಂಗಗಳು ನಮಗೆ ಸ್ವಲ್ಪ ತೆಳುವಾಗಿ ಕಂಡವು.

ಅವನು ಇನ್ನೊಂದು ಸಂಗತಿಯನ್ನು ಹೇಳಿದನು. ರೋಗವು ಗೊತ್ತಾದಾಗ ಮನೆಯವರು ಹುಡುಗನ ತಾಯಿಯನ್ನು, ಯಾವ ಪಾಪದ ಫಲವಿದು ಎಂದು ದೂರಿದ್ದರು. ಈ ದಾದಿಯೇ ಆ ತಾಯಿಯನ್ನು ಕೂಡ್ರಿಸಿ, ನಾಲ್ಕು ಶೇಂಗಾಕಾಳುಗಳನ್ನು ಮುಂದಿಟ್ಟು, ತಂದೆತಾಯಿ ಇಬ್ಬರಲ್ಲಿಯೂ ಈ ದೋಷದ ಅಂಶವು ಗುಪ್ತವಾಗಿದ್ದರೆ ಪ್ರತಿಯೊಂದು ಬಸುರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಂಭವವುಂಟೆಂದೂ, ಅದು ತಾಯಿಯೊಬ್ಬಳ ಕಡೆಯಿಂದ ಬಂದದ್ದಲ್ಲವೆಂದೂ ತಿಳಿಸಿದಳಂತೆ. (ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯಿರುವ ನಮ್ಮ ಸೀಮೆಯಲ್ಲಿ ಮದುವೆಗೆ ಮೊದಲು ಈ ರಕ್ತಪರೀಕ್ಷೆ ಮಾಡಿಸುವದು ಬುದ್ಧಿವಂತಿಕೆ.) ಅಂದಿನಿಂದ ಆ ತಾಯಿಯು ತಲೆಯೆತ್ತಿ ನಡೆಯುತ್ತಾಳೆ.

ಆದರೆ ಉಪಕಾರಸ್ಮರಣೆಯಲ್ಲಿಯೂ ಒಂದು ಅಪಾಯವುಂಟು. ಮೊದಲ ವರುಷ ಬೇರೊಂದು ಆಸ್ಪತ್ರೆಯಲ್ಲಿ ರಕ್ತವು ಏರುತ್ತಿರುವಾಗ ಹುಡುಗನಿಗೆ ನಡುಕ ಬಂದಿತು. ತಂದೆಯು ನೋಡಿದನು, ಆದರೆ ಉಪಕಾರಗೇಡಿ ಅಂದಾರೆಂದು ಹೆದರಿ ಸುಮ್ಮನಿದ್ದನು. ದೇವರ ದಯದಿಂದ ಹುಡುಗನು ಉಳಿದನು. ಈ ದಾದಿಗೆ ಅದನ್ನು ಹೇಳಿದಾಗ ಆಕೆಯು ಸಿಟ್ಟಾಗಿ, “ನಡುಕ ಬಂದ್ರ ಒದರ್ರಿ. ನಾನು ಬೈದ್ರೂ ಒದರ್ರಿ. ಮೊದಲ ರಕ್ತ ನಿಲ್ಲಸಬೇಕು” ಅಂದಳಂತೆ. ಬಾಯಿಕಟ್ಟುವಂಥ ಕೃತಜ್ಞತೆಯು ಆಕೆಗೆ ಬೇಡವಾಗಿತ್ತು.

ಶೇಂಗಾದ ಚೀಲವನ್ನೂ ಆಕೆಯು ತೆಗೆದುಕೊಳ್ಳಲಿಲ್ಲ. ರೈತನು, “ನಮ್ಮ ಹೊಲದ್ದರಿ ಅಕ್ಕಾರ, ಬ್ಯಾಡ ಅನ್ನಬ್ಯಾಡ್ರಿ” ಎಂದು ಬೇಡಿಕೊಂಡನು. ಆಕೆಯು ಪಕ್ಕದ ಮಂಚದ ಕಡೆಗೆ ಕಣ್ಣು ತಿರುಗಿಸಿದಳು. ಅಲ್ಲಿ ಹರಕು ಸೀರೆಯ ಒಬ್ಬ ಹೆಂಗಸು ಮಗಳ ಕೈಯನ್ನು ಹಿಡುಕೊಂಡು ಕೂತಿದ್ದಳು. “ಯಜಮಾನ್ರ, ನಾ ಇದನ್ನ ತಗೊಂಡ್ರ ಆಕಿ ಮುಂದಿನ ಸಲ ಏನು ತರಬೇಕ್ರಿ?” ಅಂದಳು. ರೈತನಿಗೆ ಏನೂ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಚೀಲವನ್ನು ಬಿಚ್ಚಿ ಮಂಚದಿಂದ ಮಂಚಕ್ಕೆ ಬೊಗಸೆ ಬೊಗಸೆಯಾಗಿ ಹಂಚಿದನು. ಕಡೆಗೆ ಆಕೆಯೂ ಒಂದು ಹಿಡಿಯನ್ನು ತೆಗೆದುಕೊಂಡಳು.

ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ಫ್ಲೋರೆನ್ಸ್ ನೈಟಿಂಗೇಲಳಿಗೆ ಉಪಕಾರ ಸಲ್ಲಿಸಬೇಕೆಂದು ೧೮೫೫ರಲ್ಲಿ ಇಂಗ್ಲೆಂಡಿನ ಜನರು ಹಣ ಕೂಡಿಸಿದರು. ಸಿಪಾಯಿಗಳೂ ತಮ್ಮ ಸಂಬಳದಿಂದ ಕೊಟ್ಟರು. ಸುಮಾರು ೪೫,೦೦೦ ಪೌಂಡುಗಳಾದವು. ಆಕೆಯು ಅದನ್ನು ತನಗಿಟ್ಟುಕೊಳ್ಳದೆ, ೧೮೬೦ರಲ್ಲಿ ಲಂಡನಿನ ಸೇಂಟ್ ತಾಮಸ್ ಆಸ್ಪತ್ರೆಯಲ್ಲಿ ದಾದಿಯರ ಪಾಠಶಾಲೆಯನ್ನು ತೆರೆಸಿದಳು. ನಮ್ಮ ದಕ್ಷಿಣದೇಶದ ವೇಲೂರಿನಲ್ಲಿಯೂ ಐಡಾ ಸ್ಕಡರ್ ದೊರೆಸಾನಿಯವರು ೧೯೦೯ರಲ್ಲಿ ಅಂಥದೇ ಶಾಲೆಯನ್ನು ಆರಂಭಿಸಿದರು. ಸಿಪಾಯಿಗಳ ಹಣವು ತಾವು ಎಂದೂ ಕಾಣದ ರೋಗಿಗಳಿಗೆ ಸಂದಿತು.

ರೈತನಿಗೂ ಹೀಗೆಯೇ ತೋಚಿತೋ ಏನೋ. ಮಧ್ಯಾಹ್ನ ಅವನು, “ಉಪದೇಶಿಗಳೇ, ನಾ ರಕ್ತರೆ ಕೊಟ್ಟು ಬರತೀನ್ರಿ” ಎಂದು ರಕ್ತನಿಧಿಗೆ ನಡೆದನು. ನಾವೂ ಬಸ್ಸಿನಲ್ಲಿ ನಕ್ಕವನೂ ಅವನ ಹಿಂದೆ ಹೋದೆವು. ಬೆರಳು ಚುಚ್ಚಿ ನೋಡಿದರು. ರಕ್ತ ಕೊಡುವವನಿಗೆ ಹಿಮೋಗ್ಲೋಬಿನ್ ಹನ್ನೆರಡೂವರೆಯಾದರೂ ಇರಬೇಕು. ಅವನದು ಹನ್ನೊಂದರ ಆಸುಪಾಸಿನಲ್ಲಿತ್ತು. ಮಗನಿಗೆ ಹೋದ ದೋಷದ ಅರ್ಧಾಂಶವು ಅವನಲ್ಲಿಯೂ ಉಂಟಲ್ಲವೋ? ಕೂಡದೆಂದು ಹೇಳಿದರು. ಅವನು ತೋಳನ್ನು ಹಾಗೆಯೇ ಮೇಲಕ್ಕೆ ಮಡಿಸಿಕೊಂಡು ನಿಂತನು.

ನಮಗೆ ನಾಲ್ವತ್ತು ವರುಷ, ದೇಹವು ಗಟ್ಟಿಯಾಗಿದೆ. ಅಂದಿನ ವರೆಗೆ ನಾವು ಒಂದು ತೊಟ್ಟು ರಕ್ತವನ್ನೂ ಕೊಟ್ಟವರಲ್ಲ. ಹೆದರಿಕೆಯೇ ಕಾರಣವೆಂದು ಒಪ್ಪಿಕೊಳ್ಳುತ್ತೇವೆ. ಅಂದು ಆ ತಂದೆಯ ಮುಂದೆ ಹಿಂದಕ್ಕೆ ಸರಿಯಲಾರದೆ ಮಲಗಿದೆವು. ೩೫೦ ಮಿಲಿಲೀಟರು ತೆಗೆದರು, ಹತ್ತು ನಿಮಿಷವೂ ಹಿಡಿಯಲಿಲ್ಲ. ಎದ್ದು ಕೂತಾಗ ಬಸ್ಸಿನ ಆ ಮನುಷ್ಯನು ಬಾಗಿಲಲ್ಲಿ ನಿಂತು, “ಭಾಳ ನೋಯತೈತೇನ್ರಿ?” ಎಂದು ಕೇಳಿದನು. ಇರುವೆ ಕಚ್ಚಿದಷ್ಟೆಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಅಂಗಿಯ ತೋಳನ್ನು ಮಡಿಸಿದನು.

ಸಂಜೆಯ ಬಸ್ಸಿನಲ್ಲಿ ಹುಡುಗನು ಕಿಟಕಿಯ ಪಕ್ಕಕ್ಕೆ ತಾನೇ ಕೂಡ್ರಬೇಕೆಂದು ಹಟಮಾಡಿದನು. ಬೆಳಿಗ್ಗೆ ಬಿಳುಪೇರಿದ್ದ ತುಟಿಗಳಿಗೆ ಬಣ್ಣ ಬಂದಿತ್ತು. ತಂದೆಯು ಬರಿದಾದ ಚೀಲವನ್ನು ಮಡಿಸಿ ತೊಡೆಯ ಕೆಳಗಿಟ್ಟುಕೊಂಡು, ದಾದಿಯು ಬರೆದುಕೊಟ್ಟ ಚೀಟಿಯನ್ನು ನಮಗೆ ಓದಲಿಕ್ಕೆ ಕೊಟ್ಟನು. ಮುಂದಿನ ಸರದಿಯು ಇಪ್ಪತ್ತೊಂದನೆಯ ದಿವಸಕ್ಕಿತ್ತು.