ಬಾವಿಯ ಬಳಿಯಲ್ಲಿ ಕಲಿಸಿದ ಪಾಠ



ನಮ್ಮ ಕರ್ತನು ದಾರಿ ನಡೆದು ದಣಿದವನಾಗಿ ಸಮಾರ್ಯದೇಶದಲ್ಲಿ ಯಾಕೋಬನ ಬಾವಿಯ ಬಳಿ ಕುಳಿತುಕೊಂಡ ಸಂಗತಿಯನ್ನು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆಗ ನಡುಹಗಲು. ಆ ಊರಿನ ಒಬ್ಬ ಸ್ತ್ರೀಯು ನೀರಿಗಾಗಿ ಬಂದಳು. ಯೆಹೂದ್ಯರು ಸಮಾರ್ಯದವರೊಡನೆ ಕೊಳುಕೊಡೆಯನ್ನು ಬಿಟ್ಟಿದ್ದ ಕಾಲವದು. ಆದರೂ ಕರ್ತನು ಆಕೆಯಿಂದ ನೀರನ್ನು ಬೇಡಿದನು.

ಇದನ್ನು ಚೆನ್ನಾಗಿ ಗಮನಿಸೋಣ. ಸೇದುವ ಪಾತ್ರೆಯು ಆತನಲ್ಲಿ ಇರಲಿಲ್ಲ. ಆದಕಾರಣ ಕುಡಿಯಬೇಕಾದರೆ ಆಕೆಯ ಕೊಡದ ನೀರನ್ನೇ ಕುಡಿಯಬೇಕಾಗಿತ್ತು. ಕೊಡುವವನು ತನ್ನ ದೊಡ್ಡಸ್ತಿಕೆಯನ್ನು ಉಳಿಸಿಕೊಂಡೇ ಕೊಡಬಹುದು. ಬೇಡುವವನಾದರೋ ಅದನ್ನು ಕೆಳಗೆ ಇಡಲೇಬೇಕು. ನಮ್ಮ ಕರ್ತನು ಮೊದಲು ಬೇಡಿದನು, ಆಮೇಲೆ ಬೋಧಿಸಿದನು.

ಎರಡನೆಯ ಮಹಾಯುದ್ಧದ ಘೋರವನ್ನು ಕಂಡ ಮೇಲೆ ಲೋಕದ ರಾಷ್ಟ್ರಗಳು 1948ನೆಯ ಡಿಸೆಂಬರ್ 10ರಂದು ಪ್ಯಾರಿಸ್ ಪಟ್ಟಣದಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದವು. ಅದರಲ್ಲಿ 30 ವಿಧಿಗಳಿವೆ. ಮಾನವರೆಲ್ಲರೂ ಹುಟ್ಟಿನಿಂದಲೇ ಗೌರವದಲ್ಲಿ ಸಮಾನರೆಂಬದು ಮೊದಲನೆಯ ವಿಧಿಯ ತಾತ್ಪರ್ಯ. ವಿದ್ಯಾಭ್ಯಾಸವು ಜನಾಂಗಗಳಲ್ಲಿಯೂ ಮತಗಳಲ್ಲಿಯೂ ಪರಸ್ಪರ ತಿಳುವಳಿಕೆಯನ್ನೂ ಸಹನೆಯನ್ನೂ ಸ್ನೇಹವನ್ನೂ ಬೆಳಿಸತಕ್ಕದ್ದೆಂದು 26ನೆಯ ವಿಧಿಯು ಹೇಳುತ್ತದೆ. ಮಾತು ಉತ್ತಮವಾದದ್ದೇ. ಆದರೆ ಬರೆದದ್ದು ನಡತೆಗೆ ಬರುವದು ಹೇಗೆ?

ನಮ್ಮ ದೇಶದಲ್ಲಿ ನಡೆದದ್ದನ್ನು ನೆನಸಿರಿ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಮಹಾಡ್ ಎಂಬ ಊರಿನ ಚವದಾರ ಕೆರೆಯನ್ನು ಎಲ್ಲರೂ ಉಪಯೋಗಿಸಬಹುದೆಂದು ಅಲ್ಲಿನ ಪುರಸಭೆಯು 1924ರಲ್ಲಿಯೇ ತೀರ್ಮಾನಿಸಿತ್ತು. ಆದರೂ ಅಸ್ಪೃಶ್ಯರೆನಿಸಿಕೊಂಡವರು ಆ ನೀರನ್ನು ಮುಟ್ಟಲಾರದೆ ಇದ್ದರು. 1927ನೆಯ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಬಹುಜನರೊಡನೆ ಅಲ್ಲಿಗೆ ಹೋಗಿ ಆ ನೀರನ್ನು ಕುಡಿದರು. ಇದರ ನಿಮಿತ್ತ ಆ ಜನರು ಪೆಟ್ಟು ತಿಂದರು, ಕೆರೆಗೆ ಶುದ್ಧಿಕರ್ಮವಾಯಿತು. ನ್ಯಾಯಸ್ಥಾನದ ವ್ಯಾಜ್ಯವು 1937ರ ವರೆಗೆ ನಡೆದು, ಕಡೆಗೆ ಆ ಹಕ್ಕು ಸ್ಥಿರವಾಯಿತು. 1950ನೆಯ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಮಾಡಿತು.

ಇದನ್ನು ಕೇಳಿ ನಾವು ಇತರರ ಕಡೆಗೆ ಬೆರಳು ತೋರಿಸುವದು ಬೇಡ. ದಕ್ಷಿಣ ಭಾರತದ ಕ್ರೈಸ್ತ ಸಭೆಗಳಲ್ಲಿಯೂ ಕುಲಕ್ಕೆ ತಕ್ಕ ಹಾಗೆ ಬೇರೆ ಬೇರೆ ಕುಳ್ಳಿರುವ ಪದ್ಧತಿಯೂ, ಸತ್ತವರನ್ನು ಸಹ ಬೇರೆಯಾಗಿ ಹೂಣಿಡುವ ಪದ್ಧತಿಯೂ ಕೆಲವು ಕಡೆ ಇದ್ದದ್ದುಂಟು. ಕರ್ತನ ಭೋಜನದ ಒಂದೇ ಪಾತ್ರೆಗೆ ತುಟಿಯಿಟ್ಟ ನಾವು ಮನೆಗೆ ಬಂದು ಕೂಲಿಯವನಿಗೆ ಬೇರೆ ಲೋಟವನ್ನು ಇಟ್ಟರೆ, ಎರಡರಲ್ಲಿ ಯಾವದು ನಮ್ಮ ನಿಜವಾದ ಮತ? ನಮ್ಮ ಮಕ್ಕಳು ನೋಡುತ್ತಾರೆ. ಭಾನುವಾರ ಶಾಲೆಯ ಪಾಠವನ್ನು ಮಗುವು ಮರೆಯಬಹುದು. ಹಿತ್ತಲ ಬಾಗಿಲಿನ ಹತ್ತಿರ ಬೋರಲಾಗಿಟ್ಟ ಆ ಲೋಟವನ್ನು ಮರೆಯದು. ಆ ಲೋಟವೂ ಒಬ್ಬ ಉಪದೇಶಕನೇ.

ಹಾಗಾದರೆ ನಾವು ಮಾಡತಕ್ಕದ್ದೇನು? ಪರಮತದ ನೆರೆಯವರಿಗೆ ಉಪಕಾರ ಮಾಡುವದು ಒಳ್ಳೇದೇ. ಆದರೆ ಅಷ್ಟೇ ಸಾಲದು. ಅವರ ಮನೆಗೆ ಹೋಗಿ, ಅವರು ಕೊಟ್ಟ ನೀರನ್ನು ಕುಡಿದು, ಅವರ ಕಷ್ಟಸುಖಗಳನ್ನು ಅವರ ಬಾಯಿಂದಲೇ ಕೇಳೋಣ. ನಮಗೆ ತಿಳಿಯದ್ದನ್ನು ಅವರಿಂದ ಕಲಿಯೋಣ. ಮಕ್ಕಳನ್ನೂ ಜೊತೆಯಲ್ಲಿ ಕರಕೊಂಡು ಹೋಗೋಣ. ಒಬ್ಬನ ಹಕ್ಕನ್ನು ಇನ್ನೊಬ್ಬನು ಮನ್ನಿಸುವದು ಹೇಗೆಂಬದನ್ನು ಅವರು ಅಲ್ಲಿ ಕಣ್ಣಾರೆ ಕಲಿಯುವರು.

ಆ ಸ್ತ್ರೀಯು ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಕ್ಕೆ ಹೋದಳು. ಊರವರು ಬಂದು ಕರ್ತನನ್ನು ತಮ್ಮಲ್ಲಿ ಇರಬೇಕೆಂದು ಕೇಳಿಕೊಂಡರು. ಆತನು ಎರಡು ದಿವಸ ಅವರೊಂದಿಗೆ ಇದ್ದನು. ತಲತಲಾಂತರದ ಹಗೆಯ ನಡುವೆ ಸಮಾಧಾನದ ಬಾಗಿಲು ತೆರೆದದ್ದು ಒಂದು ಗುಟುಕು ನೀರನ್ನು ಬೇಡಿದ್ದರಿಂದಲೇ. ಹಾಗೆ ಬೇಡುವ ದೀನಮನಸ್ಸನ್ನು ದೇವರು ನಮ್ಮ ಪ್ರತಿಯೊಂದು ಸಭೆಗೂ ಮನೆಗೂ ಅನುಗ್ರಹಿಸಲಿ. ಆಮೆನ್.