ಯೊರ್ದನ್ ಹೊಳೆ ಮತ್ತು ಸರ್ಕಾರಿ ದವಾಖಾನೆ

ಎಲ್ಲರೂ ಎರಡನೇ ಅರಸುಗಳು 5ನೇ ಅಧ್ಯಾಯ ತೆಗೀರಿ. ಮೊಬೈಲ್‌ನಲ್ಲಿ ಓದೋರು ಬೈಬಲ್ ಮಾತ್ರ ತೆಗೀರಿ, ವಾಟ್ಸಾಪ್ ಬೇಡ.

ಅರಾಮ್ಯರ ಸೇನಾಪತಿ ನಾಮಾನನಿಗೆ ಕುಷ್ಠ. ಗುಣವಾಗಲು 10 ತಲಾಂತು ಬೆಳ್ಳಿ, ಬಂಗಾರ, 10 ಜೊತೆ ಬಟ್ಟೆ ಹೊತ್ತು ಬಂದ. ಪ್ರವಾದಿ ಎಲೀಷ ಹೊರಗೂ ಬರಲಿಲ್ಲ. ಯೊರ್ದನಿನಲ್ಲಿ 7 ಸಾರಿ ಮುಳುಗಲಿ ಅಂತ ಆಳಿನ ಕೈಲಿ ಹೇಳಿ ಕಳಿಸಿದ. ನಾಮಾನನಿಗೆ ಸಿಟ್ಟು ಬಂತು. ದುಡ್ಡಿಲ್ಲ, ಮರ್ಯಾದೆ ಇಲ್ಲ, ಬರೀ ಹೊಳೆ ನೀರು!

ಪ್ರಿಯರೇ, ಈ ಸಿಟ್ಟನ್ನು ನಾನು ಸಿಂದಗಿ ತಾಲ್ಲೂಕಿನ ನಮ್ಮ ಯಂಕಂಚಿಯಲ್ಲಿ ನೋಡಿದ್ದೇನೆ. "ಪುಕ್ಕಟೆ ಗುಳಿಗಿ ಹತ್ತಂಗಿಲ್ರೀ" ಅಂತಾರ ನಮ್ಮ ಮಂದಿ. ನಮ್ಮ ದೊಡ್ಡಪ್ಪ ಎತ್ತಿನ ಜೋಡಿ ಮಾರಿ ಒಂದು ಖಾಸಗಿ ದವಾಖಾನೆಗೆ ಹೋದ್ರು. ಆಯುಷ್ಮಾನ್ ಕಾರ್ಡ್ ಟ್ರಂಕಿನಲ್ಲೇ ಇತ್ತು. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. "ಸರ್ಕಾರ ಕೊಟ್ಟದ್ದು ಎಂಥಾದ್ದು ಇರ್ತದ" ಅಂದ್ರು.

ಸಿಟಿಯವರು ನೀವು ನಗ್ತಾ ಇದ್ದೀರಿ. "ಕಂಪನಿ ಇನ್ಶೂರೆನ್ಸ್ ಇದೆ ಪಾಸ್ಟರ್, ಅಲ್ಲಿ ಕ್ಯೂ ಯಾರು ನಿಲ್ತಾರೆ?" ಅಂತ ನೀವೂ ಹೇಳಿದ್ದೀರಿ. ಅದೇ ನಿಮ್ಮ ಕಸಿನ್ ಲಂಡನ್‌ನಿಂದ ಎನ್‌ಎಚ್‌ಎಸ್ ಅಂದ್ರೆ ಹೆಮ್ಮೆ! 1948ರಲ್ಲಿ ಶುರುವಾದ ಅದೂ ಸರ್ಕಾರಿ ದವಾಖಾನೆನೇ. ಅಲ್ಲೂ ಕ್ಯೂ ಇದೆ.

ಇನ್ನು, ವಿಶ್ವಾಸಿಗೆ ಔಷಧಿ ಯಾಕೆ ಅನ್ನೋರಿಗೆ ಒಂದೇ ಮಾತು: ಲೂಕ ವೈದ್ಯನಾಗಿದ್ದ. ಮುಂದೆ ಹೋಗೋಣ.

ಎಲ್ಲ ತಪ್ಪೂ ನಾಮಾನನದಲ್ಲ. ಅಧ್ಯಾಯದ ಕೊನೆಗೆ ಗೇಹಜಿ ಇದ್ದಾನೆ. ಎಲೀಷ ಬೇಡ ಅಂದ ಬೆಳ್ಳಿಗಾಗಿ ಅವನು ರಥದ ಹಿಂದೆ ಓಡಿದ. ಪುಕ್ಕಟೆ ಆಗಬೇಕಾದ ಹೆರಿಗೆಗೆ ಕೈ ಚಾಚೋರು, ಡ್ಯೂಟಿ ಹೊತ್ತಲ್ಲಿ ಕುರ್ಚಿ ಖಾಲಿ ಬಿಡೋರು ಅವನ ದಾರಿಯವರೇ. ಜನರ ಹೆದರಿಕೆ ಸುಳ್ಳಲ್ಲ. ಆದ್ರೆ ಓದಿದವರು, ಪ್ರಶ್ನೆ ಕೇಳಬಲ್ಲವರು ಆ ಕ್ಯೂ ಬಿಟ್ಟು ಹೋದ ಮೇಲೆ ಗೇಹಜಿಯನ್ನು ಕೇಳೋರು ಯಾರು? ಅಲ್ಲಿ ಉಳಿಯೋದು ಮಗು ಎತ್ತಿಕೊಂಡು ಸುಮ್ಮನೆ ನಿಂತ ತಾಯಂದಿರು. ನಾಮಾನನಿಗೆ ದಾರಿ ತೋರಿಸಿದ್ದೂ ಅವನ ಮನೆಯ ಒಬ್ಬ ಸೆರೆ ಹುಡುಗಿ. ನಮ್ಮ ಊರುಗಳಲ್ಲಿ ಆ ಕೆಲಸ ಮಾಡೋದು ಆಶಾ ಅಕ್ಕಂದಿರು. ಅವರ ಮಾತು ಎಷ್ಟು ಮನೆಯಲ್ಲಿ ಕೇಳ್ತಾರೆ?

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಆಧಾರ್, ರೇಷನ್ ಕಾರ್ಡ್ ತನ್ನಿ. ಯೂತ್‌ನ ಇಬ್ಬರು ಸಹೋದರರು ಲ್ಯಾಪ್‌ಟಾಪ್ ಇಟ್ಕೊಂಡು ಹಿಂದೆ ಕೂತಿರ್ತಾರೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಇವತ್ತೇ ಫೋನ್ ಹಚ್ಚಿ. ತುರ್ತು ಇಲ್ಲದಿದ್ರೆ ಮೊದಲು ಸರ್ಕಾರಿ ದವಾಖಾನೆಯ ರೆಫರಲ್ ಚೀಟಿ ಬೇಕು ಅಂತಲೂ ತಿಳಿಸಿ. ಈಗ ಎಲ್ಲರೂ ಎದ್ದು ನಿಲ್ಲೋಣ. ರಾತ್ರಿ ಡ್ಯೂಟಿಯಲ್ಲಿರುವ ನರ್ಸ್ ಸಹೋದರಿಯರಿಗಾಗಿ ಮೊದಲು ಪ್ರಾರ್ಥಿಸೋಣ.